ಬೆಂಚಿನ ಕೆಳಗಿನ ಕೋಲು

ಒಂದೂರಿನಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರುಮಾಡಿದರೆ ನೀವೆಲ್ಲ ಹಾಯಾಗಿ ಬೆನ್ನು ಒರಗಿಸಿ ಕೂರುತ್ತೀರಿ. ಶ್ರೀಮಂತನಿಗೆ ಹೇಳುವ ಮಾತು ನಮಗಲ್ಲ ಎಂಬ ಧೈರ್ಯ ನಿಮಗೆ. ಏನು ಮಾಡಲಿ ಪ್ರಿಯರೇ, ಇವತ್ತಿನ ಕಥೆಯಲ್ಲೂ ಒಬ್ಬ ಶ್ರೀಮಂತ ಬಂದುಬಿಟ್ಟಿದ್ದಾನೆ. ಹೆಸರು ಹೇಳದಿದ್ದರೆ ನೀವು ಅಕ್ಕಪಕ್ಕದವರ ಮುಖ ನೋಡುತ್ತೀರಿ, ಅದಕ್ಕೆ ಹೆಸರಿಟ್ಟೇ ಹೇಳುತ್ತೇನೆ. ಅವನ ಹೆಸರು ಎಲೀಶಪ್ಪ. ಊರಿನವರ ಬಾಯಲ್ಲಿ ಕಟ್ಟಿಗೆ ಅಡ್ಡೆಯ ಎಲೀಶಪ್ಪ.

ಎಲೀಶಪ್ಪ ಆ ಊರಿನ ಕ್ರೈಸ್ತ ಸಭೆಯ ಹಿರಿಯ. ಮುಂದಿನ ಬೆಂಚಿನ ಮೊದಲ ಜಾಗ ಅವನದು. ಅವನು ಪರವೂರಿಗೆ ಹೋದ ಭಾನುವಾರವೂ ಅಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ದೇವರು ಅವನಿಗೆ ಎಲ್ಲವನ್ನೂ ಕೊಟ್ಟಿದ್ದ, ಬಲ ಮೊಣಕಾಲೊಂದನ್ನು ಬಿಟ್ಟು. ಅದರ ಮೇಲೆ ಮರದ ದಿಮ್ಮಿ ಉರುಳಿ ಒಂಬತ್ತು ವರ್ಷವಾಗಿತ್ತು. ತನ್ನ ಅಡ್ಡೆಯ ಬೀಟೆ ಮರದಲ್ಲೇ ಒಂದು ಕೋಲು ಮಾಡಿಸಿ, ಅದಕ್ಕೆ ಬೆಳ್ಳಿಯ ಹಿಡಿ ಹಾಕಿಸಿಕೊಂಡಿದ್ದ. ಆ ಕೋಲು ದೇವಾಲಯದ ಕಲ್ಲುನೆಲದ ಮೇಲೆ ಟಕ್ ಟಕ್ ಎಂದರೆ ಸಾಕು, ಹಿಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನೋಡಿ, ಅರ್ಧ ಗೌರವ ಆ ಮನುಷ್ಯನಿಗೆ, ಇನ್ನರ್ಧ ಆ ಕೋಲಿಗೆ.

ಅದೇ ಸಭೆಯ ಮೂರನೆಯ ಬೆಂಚಿನಲ್ಲಿ ಕೃಪಾವತಿ ಎಂಬ ವಿಧವೆ ಕೂರುತ್ತಿದ್ದಳು. ದೇವಾಲಯ ಗುಡಿಸುವುದು, ಕರ್ತನ ಭೋಜನದಲ್ಲಿ ದ್ರಾಕ್ಷಾರಸ ಹಂಚುವ ಬಟ್ಟಲು ತೊಳೆಯುವುದು ಅವಳ ಸೇವೆ. ಹಿಂದಿನ ಕೋಣೆಯ ಬೀಗದ ಕೈ ಅವಳ ಸೆರಗಿನ ತುದಿಯಲ್ಲೇ ಇರುತ್ತಿತ್ತು. ಅವಳ ಎರಡೂ ಕೈ ಸದಾ ನಡುಗುತ್ತಿದ್ದವು. ಹನ್ನೊಂದು ವರ್ಷದಿಂದ ಸಭೆ ಆ ಕೈಗಳಿಗಾಗಿ ಪ್ರಾರ್ಥಿಸುತ್ತಿತ್ತು. ಎಣ್ಣೆ ಹಚ್ಚಿದ್ದಾಯಿತು, ಉಪವಾಸ ಕೂತದ್ದಾಯಿತು, ಕೈ ನಡುಗುತ್ತಲೇ ಇದ್ದವು. ಇದನ್ನು ಕೃಪಾವತಿ ಸಹಿಸಿಕೊಂಡಿದ್ದಳು, ಎಲೀಶಪ್ಪನಿಗೆ ಮಾತ್ರ ಸಹಿಸಲಾಗಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೆದುರಿಗೆ ಹೇಳಿಯೇಬಿಟ್ಟ.

“ಬಾಯಾರ, ನಿಮ್ಮ ನಂಬಿಕಿ ಎಲ್ಲೋ ಸೋರಾಕತ್ತೇತಿ. ಎಲ್ಲಿ ಅಂತ ಹುಡುಕಿ ಮುಚ್ಚಿಕೊಳ್ರಿ.”

ಹಾಗಾದರೆ ಅವನ ಮೊಣಕಾಲು? ಅದು ನಂಬಿಕೆಯ ವಿಷಯವಲ್ಲ, ದಿಮ್ಮಿಯ ವಿಷಯ ಎಂದು ಅವನ ತೀರ್ಮಾನ. ಕೃಪಾವತಿ ಮನೆಗೆ ಹೋಗಿ ಅತ್ತಳು. ಅವಳು ಅತ್ತದ್ದು ಎಲೀಶಪ್ಪನಿಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳಲು ಅವನು ಹೋಗಲೂ ಇಲ್ಲ. ನಿಮ್ಮಲ್ಲಿ ಯಾರಾದರೂ ಕಾಯಿಲೆಯವರಿಗೆ ಇಂಥ ಮಾತು ಆಡಿದ್ದೀರಾ? ಕೈ ಎತ್ತುವುದು ಬೇಡ. ಸುಮ್ಮನೆ ಕೇಳಿದೆ.

ಹೀಗಿರುವಾಗ ಜನವರಿಯಲ್ಲಿ ಆ ಊರಿಗೆ ಹೊರಗಿನಿಂದ ಒಬ್ಬ ದೈವಸೇವಕರು ಬಂದರು. ದೇವಾಲಯದಲ್ಲಿ ಮೂರು ಸಂಜೆ ಸ್ವಸ್ಥತೆಯ ಕೂಟ. ಸ್ವಾಗತ ಸಮಿತಿಗೆ ಮುಖ್ಯಸ್ಥ ಯಾರು? ಎಲೀಶಪ್ಪ. ಅವರ ಊಟ, ವಸತಿ ಎಲ್ಲಿ? ಎಲೀಶಪ್ಪನ ಮನೆಯಲ್ಲಿ. ಆ ದೈವಸೇವಕರು ಹೋದಲ್ಲೆಲ್ಲ ಒಂದು ಪದ್ಧತಿ ನಡೆಸುತ್ತಿದ್ದರು. ಗುಣವಾಯಿತು ಎಂದು ನಂಬುವವರು ತಾವು ಅಲ್ಲಿಯವರೆಗೆ ಆತುಕೊಂಡಿದ್ದ ವಸ್ತುವನ್ನು ವೇದಿಕೆಯ ಮುಂದೆ ಇಟ್ಟು ಹೋಗಬೇಕು, ಮತ್ತೆ ತಿರುಗಿ ನೋಡಬಾರದು. ಕೊನೆಯ ಸಂಜೆ, ಅಂದರೆ ಭಾನುವಾರ, ಜನ ಸಾಲುಗಟ್ಟಿದರು. ಕೋಲು ಬಂದವು, ಕನ್ನಡಕ ಬಂದವು, ಸೊಂಟದ ಬೆಲ್ಟು ಬಂದವು. ಒಬ್ಬರು ಹಲ್ಲಿನ ಸೆಟ್ಟು ತೆಗೆದಿಟ್ಟರು. ಹೊಸ ಹಲ್ಲು ಮೊಳೆಯುತ್ತದೆ ಎಂಬ ನಂಬಿಕೆಯಿಂದಲೋ, ಎಲ್ಲರೂ ಇಡುತ್ತಿದ್ದಾರೆ ಎಂಬ ಉಮೇದಿನಿಂದಲೋ, ಅವರೇ ಹೇಳಬೇಕು.

ಗುಣವಾದವರು ಒಬ್ಬರೂ ಇರಲಿಲ್ಲವೇ? ಇದ್ದರು. ಮೂರು ತಿಂಗಳಿಂದ ಕುತ್ತಿಗೆ ತಿರುಗಿಸಲಾಗದೆ ಒದ್ದಾಡುತ್ತಿದ್ದ ಒಬ್ಬ ಹಾಲಿನವನು ಆ ಸಂಜೆ ತಿರುಗಿಸಿದ, ಆಮೇಲೂ ತಿರುಗಿಸುತ್ತಲೇ ಇದ್ದ. ದೇವರು ಗುಣಮಾಡುತ್ತಾನೆ. ಅದನ್ನು ನಂಬದಿದ್ದರೆ ನಾನು ಈ ಪೀಠದ ಮೇಲೆ ನಿಲ್ಲಲು ಯೋಗ್ಯನಲ್ಲ. ಆದರೆ ಹಾಲಿನವನಿಗೆ ಕೊಟ್ಟದ್ದನ್ನು ದೇವರು ಎಲ್ಲರಿಗೂ ಅದೇ ಸಂಜೆ, ಅದೇ ಗಂಟೆಗೆ ಕೊಡಲೇಬೇಕು ಎಂದು ಅವನಿಗೆ ಆಜ್ಞೆ ಮಾಡುವವರು ಯಾರು?

ಎಲೀಶಪ್ಪ ಮುಂದಿನ ಬೆಂಚಿನಲ್ಲಿ ಬೆವರುತ್ತಿದ್ದ. ಊರಿನ ಕಣ್ಣೆಲ್ಲ ತನ್ನ ಮೊಣಕಾಲಿನ ಮೇಲೆಯೇ ನೆಟ್ಟಂತೆ ಅವನಿಗೆ ಅನಿಸಿತು. ಸಮಿತಿಯ ಮುಖ್ಯಸ್ಥನಿಗೇ ಗುಣವಾಗದಿದ್ದರೆ ಜನ ಏನೆಂದಾರು? ಅವನ ನಂಬಿಕೆಯೂ ಸೋರುತ್ತಿದೆ ಎಂದಾರು. ತಬಲಾ, ಚಪ್ಪಾಳೆ, ಹಾಡು ಜೋರಾಗಿದ್ದಾಗ ಎದ್ದು ನಿಂತ. ನಾಲ್ಕು ಹೆಜ್ಜೆ ಕೋಲಿಲ್ಲದೆ ಹಾಕಿದ. ನೋವು ಆಗಲಿಲ್ಲವೇ? ಆಯಿತು. ಆದರೆ ಆ ಗದ್ದಲದಲ್ಲಿ ಅದರ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲ. ಬೆಳ್ಳಿ ಹಿಡಿಯ ಕೋಲು ರಾಶಿಯ ಮೇಲೆ ಹೋಗಿ ಕೂತಿತು. ಜನ ಸ್ತೋತ್ರ ಎಂದರು. ಎಲೀಶಪ್ಪ ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಕಾಲು ಅವನ ಪಾಡು ಎಂದು ನಾವು ನಕ್ಕು ಬಿಡಬಹುದಿತ್ತು. ಅವನು ತಿರುಗಿ ಹೆಂಡತಿಯ ಕಡೆ ಕಣ್ಸನ್ನೆ ಮಾಡಿದ.

ಹೆಂಡತಿ ಮಾರ್ಥಾಬಾಯಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಹೊತ್ತು ಗುಳಿಗೆ. ಆಕೆ ಚೀಲದಿಂದ ಗುಳಿಗೆಯ ಪೊಟ್ಟಣ ತೆಗೆದು, ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡು, ಗಂಡನ ಮುಖ ನೋಡಿ, ಕೋಲಿನ ಪಕ್ಕದಲ್ಲಿಟ್ಟಳು.

ದೈವಸೇವಕರು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಹೋದರು. ಮೊಣಕಾಲು ಎಲ್ಲಿಗೂ ಹೊರಡಲಿಲ್ಲ.

ಆ ವಾರ ಆ ಊರಿನಲ್ಲಿ ಒಂದು ವಿಚಿತ್ರ ನಡೆಯಿತು. ಮಳೆಯಿಲ್ಲ, ಸುಡುವ ಬಿಸಿಲೂ ಇಲ್ಲ, ಕ್ರೈಸ್ತರ ಓಣಿಯ ತುಂಬ ಕೊಡೆ. ಒಬ್ಬರೂ ಬಿಚ್ಚಿ ಹಿಡಿದವರಿಲ್ಲ, ಎಲ್ಲರೂ ನೆಲಕ್ಕೆ ಊರಿಕೊಂಡೇ ನಡೆಯುತ್ತಿದ್ದರು. ಕೋಲು ಹಿಡಿದರೆ ತಾನೇ ಅಪನಂಬಿಕೆ? ಕೊಡೆ ಹಿಡಿದರೆ ಯಾರಪ್ಪನ ಗಂಟು ಹೋಯಿತು? ಎಲೀಶಪ್ಪನೂ ಅಟ್ಟದಿಂದ ಅಪ್ಪನ ಕಾಲದ ಕೊಡೆ ಇಳಿಸಿ, ಧೂಳು ಕೊಡವಿ, ಅಡ್ಡೆಗೆ ಹೋಗಿಬಂದ. ಎದುರಾದವರೊಂದಿಗೆಲ್ಲ ಮೋಡದ ವಿಷಯ ಮಾತಾಡಿದ. ಆಕಾಶದಲ್ಲಿ ಮೋಡವೇ ಇರಲಿಲ್ಲ.

ಆದರೆ ಸಕ್ಕರೆ ಕಾಯಿಲೆಗೆ ಕೊಡೆ ಹಿಡಿಯಲಾಗುವುದಿಲ್ಲವಲ್ಲ. ಮಂಗಳವಾರ ಮಾರ್ಥಾಬಾಯಿಗೆ ತೀರದ ನೀರಡಿಕೆ. ಬುಧವಾರ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನಡೆದಳು, ರೊಟ್ಟಿ ತಟ್ಟುತ್ತ ತಟ್ಟುತ್ತ ತೂಕಡಿಸಿದಳು. ಎಲೀಶಪ್ಪನಿಗೆ ಹೆದರಿಕೆಯಾಯಿತು. ಹೊಸ ಗುಳಿಗೆ ಕೊಳ್ಳೋಣವೆಂದರೆ ಔಷಧಿ ಅಂಗಡಿಯವನು ಅದೇ ಸಭೆಯವನು, ಬಾಯಿಬಡುಕ. ಭಾನುವಾರ ಗುಣವಾದವರು ಬುಧವಾರ ಗುಳಿಗೆ ಕೊಂಡರು ಎಂದು ಸಂಜೆಯೊಳಗೆ ಊರೆಲ್ಲ ಸಾರಿಬಿಟ್ಟಾನು. ಬರುವ ಭಾನುವಾರ ಎಲೀಶಪ್ಪ ನಿಂತು ಸಾಕ್ಷಿ ಹೇಳಬೇಕೆಂದು ಸಭೆಯ ಪಾಲಕರಾದ ಅಯ್ಯನವರು ಬೇರೆ ಸಾರಿದ್ದರು. ಹೀಗೆ ಅವನು ಮಾನ ಒಂದು ಕಡೆ, ಹೆಂಡತಿ ಒಂದು ಕಡೆ ಇಟ್ಟುಕೊಂಡು ತೂಗುತ್ತ ಕೂತಿದ್ದಾಗ ಮಾರ್ಥಾಬಾಯಿಯೇ ಬಾಯಿಬಿಟ್ಟಳು.

“ನೀವ ಹೇಳಿದ್ರಿ ಅಂತ ಇಟ್ಟೆ. ಈಗ ನೀವ ಹೇಳ್ರಿ. ನನಗ ಗುಣ ಆಗೇತೋ ಇಲ್ಲೋ?”

ಜಗಳದ ದನಿಯಲ್ಲ ಅದು. ಮಕ್ಕಳು ದೊಡ್ಡವರನ್ನು ದಾರಿ ಕೇಳುವ ದನಿ. ಎಲೀಶಪ್ಪ ಕೊಡೆ ಎತ್ತಿಕೊಂಡು ಹೊರಟ.

ಊರು ಉಂಡು ಮಲಗಿದ ಹೊತ್ತು. ದೇವಾಲಯದ ಹಿಂಬದಿಗೆ ಬಂದರೆ ಎದುರಿಗೆ ನಥನಿಯೇಲ ಮಾಸ್ತರರು ಬರುತ್ತಿದ್ದಾರೆ. ಅವರೂ ಭಾನುವಾರ ಕೋಲು ಇಟ್ಟವರೇ. ಒಂದು ಕಾಲು ಮಡಿಸದೆ, ಸೆಟೆದುಕೊಂಡು ನಡೆಯುತ್ತಿದ್ದರು. ಕಾರಣ ಏನೆಂದರೆ, ಪೈಜಾಮದೊಳಗೆ ಕೋಲು ತುರುಕಿಕೊಂಡಿದ್ದರು. ತಾವು ಕೀರ್ತನೆಯ ಪುಸ್ತಕ ಹುಡುಕಲು ಬಂದದ್ದಾಗಿ ಮಾಸ್ತರರು ಹೇಳಿದರು. ತಾನು ಹೆಂಚು ಸೋರುತ್ತವೆಯೋ ನೋಡಲು ಬಂದದ್ದಾಗಿ ಎಲೀಶಪ್ಪ ಹೇಳಿದ. ಜನವರಿಯಲ್ಲಿ ಹೆಂಚು ಸೋರುವುದನ್ನು ನೋಡಲು ಬಂದವನನ್ನು ಮಾಸ್ತರರು ಪ್ರಶ್ನಿಸಲಿಲ್ಲ, ಮಾಸ್ತರರ ಕಾಲಿನ ವಿಷಯ ಎಲೀಶಪ್ಪ ಎತ್ತಲಿಲ್ಲ. ಇಬ್ಬರೂ ಸ್ತೋತ್ರ ಹೇಳಿ ಬೇರೆಯಾದರು. ಸಹೋದರ ಪ್ರೀತಿ ಎಂದರೆ ಇದೇ ಇರಬೇಕು.

ಹಿಂದಿನ ಕೋಣೆಯಲ್ಲಿ ಕೃಪಾವತಿ ಕೂತಿದ್ದಳು. ವೇದಿಕೆಯ ಮುಂದಿನ ರಾಶಿಯನ್ನು ಅವಳೇ ಅಲ್ಲಿಗೆ ತಂದಿಟ್ಟಿದ್ದಳು, ಅದು ಆಗಲೇ ಅರ್ಧ ಕರಗಿತ್ತು. ಉಳಿದ ಒಂದೊಂದು ಕೋಲಿಗೂ ಒಂದೊಂದು ಚೀಟಿ ಕಟ್ಟಿತ್ತು, ಚೀಟಿಯ ಮೇಲೆ ನಡುಗುವ ಅಕ್ಷರದಲ್ಲಿ ಯಜಮಾನರ ಹೆಸರು. ಹಲ್ಲಿನ ಸೆಟ್ಟು ಸೋಮವಾರವೇ ಮನೆ ಸೇರಿತ್ತಂತೆ. ಅವಳು ಎಲೀಶಪ್ಪನನ್ನು ಏನೂ ಕೇಳಲಿಲ್ಲ. ಎದ್ದು, ಇಲಿ ಮುಟ್ಟದಂತೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದ ಗುಳಿಗೆಯ ಪೊಟ್ಟಣ ತೆಗೆದು ಮೊದಲು ಅದನ್ನು ಕೊಟ್ಟಳು. ಆಮೇಲೆ ಕೋಲು ಕೊಟ್ಟಳು. ಸೋಮವಾರವೇ ಬರಬಹುದೆಂದು ಕಾದಿದ್ದೆ, ಮಾರ್ಥಾಬಾಯಾರಿಗೆ ಹೇಗಿದೆ ಎಂದಷ್ಟೇ ವಿಚಾರಿಸಿದಳು.

ಎಲೀಶಪ್ಪ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಕಾಲು ನೋಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮುಖ ಉರಿಯುತ್ತಿತ್ತು. ಕೂಟದ ಆ ಸಂಜೆ ಅವಳೇಕೆ ಮುಂದೆ ಬರಲಿಲ್ಲ, ಕೈ ಗುಣವಾಗುವುದು ಬೇಡವಾಗಿತ್ತೇ ಎಂದು ಕೇಳಿದ.

“ಬೇಕಲ್ರಿ. ದಿನಾ ಮುಂಜಾನೆ ದೇವರನ್ನ ಕೇಳತೀನಿ. ಇನ್ನೂ ಕೊಟ್ಟಿಲ್ಲ,” ಎಂದಳು ಕೃಪಾವತಿ. “ಮೊದಲ ಗಾಜಿನ ಬಟ್ಟಲ ಇದ್ವು, ವರ್ಷಕ್ಕ ನಾಕು ಒಡೀತಿದ್ದೆ. ಅವ ಕೈ ಗುಣ ಮಾಡಲಿಲ್ಲ, ಸ್ಟೀಲಿನ ಬಟ್ಟಲ ಕೊಡಿಸಿದ. ನಾ ನಕ್ಕು ತಗೊಂಡೆ. ಆದ್ರ ಕೊಡದ್ದನ್ನ ಕೊಟ್ಟಾನ ಅಂತ ಎದ್ದು ಹ್ಯಾಂಗ ಹೇಳಲಿ? ದೇವರಿಗೆ ನನ್ನ ಸುಳ್ಳಿನ ಆಸರಾ ಬ್ಯಾಡ್ರಿ.”

ಎಲೀಶಪ್ಪ ಅವತ್ತು ಕೊಡೆಯನ್ನು ಅಲ್ಲೇ ಬಿಟ್ಟು, ಕೋಲು ಊರಿಕೊಂಡು, ಬೀದಿಯ ನಡುವೆಯೇ ಮನೆಗೆ ಬಂದ. ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಡಾಕ್ಟರರ ಬಳಿ ಹೋದ. ಡಾಕ್ಟರರು ಪರೀಕ್ಷೆ ಮಾಡಿ, ಇನ್ನೆರಡು ದಿನ ತಡಮಾಡಿದ್ದರೆ ಎಂದು ಶುರುಮಾಡಿ, ಆಕೆಯ ಮುಖ ನೋಡಿ ಮಾತನ್ನು ಅರ್ಧಕ್ಕೇ ನುಂಗಿಕೊಂಡರು. ಆ ಅರ್ಧ ಮಾತು ಎಲೀಶಪ್ಪನಿಗೆ ಪೂರ್ತಿ ಅರ್ಥವಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ಅತ್ತ. ಒಂಬತ್ತು ವರ್ಷದಲ್ಲಿ ಅವನು ಮಾಡಿದ ಪ್ರಾರ್ಥನೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಅದೊಂದೇ.

ಭಾನುವಾರ ಬಂತು. ದೇವಾಲಯ ಕಿಕ್ಕಿರಿದಿತ್ತು. ಒಬ್ಬರ ಕೈಯಲ್ಲೂ ಕೋಲಿಲ್ಲ. ಎಲ್ಲಿ ಹೋದವು? ಬೆಂಚಿನ ಕೆಳಗೆ, ಚಾಪೆಯ ಅಡಿ, ಸೀರೆಯ ಮರೆಯಲ್ಲಿ. ಬಾಗಿಲ ಬಳಿ ಮೂವತ್ತು ಕೊಡೆ. ಅಯ್ಯನವರು ಎಲೀಶಪ್ಪನನ್ನು ಸಾಕ್ಷಿಗೆ ಕರೆದರು. ಅವನು ಬಗ್ಗಿ ಬೆಂಚಿನ ಕೆಳಗಿನಿಂದ ಬೆಳ್ಳಿ ಹಿಡಿಯ ಕೋಲು ಎಳೆದುಕೊಂಡ. ಟಕ್. ಟಕ್. ಟಕ್. ಎಂದಿನಂತೆ ಹೆಂಗಸರು ಮಾತು ನಿಲ್ಲಿಸಿದರು. ಈ ಸಲ ಗಂಡಸರೂ ನಿಲ್ಲಿಸಿದರು.

“ನನ್ನ ಮೊಣಕಾಲ ಗುಣ ಆಗಿಲ್ರಿ,” ಎಂದ ಎಲೀಶಪ್ಪ. “ಆಗೇತಿ ಅಂತ ನಾಟಕ ಮಾಡಿದೆ. ಆ ನಾಟಕದಾಗ ನನ್ನ ಹೆಂಡತಿ ಜೀವಾ ಹೋಗ್ತಿತ್ತು. ಗುಣಾ ಕೊಟ್ರೂ ಅವ ನನ್ನ ದೇವರ, ಕೊಡದಿದ್ರೂ ಅವನ ನನ್ನ ದೇವರ. ಇಷ್ಟು ಹೇಳಾಕ ನನಗ ಒಂಬತ್ತು ವರ್ಷ ಬೇಕಾತು. ಕೃಪಾವತಿಬಾಯಾರ, ನಂಬಿಕಿ ಸೋರಿದ್ದು ನಿಮ್ಮಲ್ಲಿ ಅಲ್ರಿ. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊಳ್ರಿ.”

ಯಾರೂ ಸ್ತೋತ್ರ ಎನ್ನಲಿಲ್ಲ. ಆಗ ಹಿಂದಿನಿಂದ ಒಂದು ಟಕ್ ಕೇಳಿಸಿತು. ನಥನಿಯೇಲ ಮಾಸ್ತರರು ಕೋಲು ತೆಗೆದು ನೆಲಕ್ಕೆ ಊರಿದ್ದರು. ಆಮೇಲೆ ಎಡಗಡೆಯಿಂದ ಒಂದು, ಬಲಗಡೆಯಿಂದ ಎರಡು. ಕೊನೆಯ ಕೀರ್ತನೆಗೆ ಸಭೆ ಎದ್ದು ನಿಂತಾಗ ಕಲ್ಲುನೆಲದ ಮೇಲೆ ಎಷ್ಟು ಕೋಲು ಸದ್ದಾದವೆಂದರೆ, ಅವತ್ತು ತಬಲಾ ಬೇಕಾಗಲಿಲ್ಲ. ಮೂರನೆಯ ಬೆಂಚಿನಲ್ಲಿ ಕೃಪಾವತಿ ನಡುಗುವ ಕೈಯಲ್ಲೇ ಪುಸ್ತಕ ಹಿಡಿದು ಹಾಡುತ್ತಿದ್ದಳು. ಮಾರ್ಥಾಬಾಯಿ ತನ್ನ ಜಾಗ ಬಿಟ್ಟು ಬಂದು, ಆ ಪುಸ್ತಕದ ಇನ್ನೊಂದು ಅಂಚನ್ನು ಹಿಡಿದುಕೊಂಡಳು.

ಕಥೆ ಮುಗಿಯಿತು. ಈಗ ಯಾಕೆ ಎಲ್ಲರೂ ನೆಲ ನೋಡುತ್ತಿದ್ದೀರಿ?

ಪ್ರಿಯರೇ, ನಿಮ್ಮ ಬೆಂಚಿನ ಕೆಳಗೆ ಏನಿದೆ? ನಾನು ಬಗ್ಗಿ ನೋಡುವುದಿಲ್ಲ. ನೋಡುವವನು ನೋಡಿದ್ದಾನೆ. ಗುಣಮಾಡು ಎಂದು ಕೇಳಿ, ನಾಚಿಕೆಯಿಲ್ಲದೆ ಕೇಳಿ, ನಾಳೆಯೂ ಕೇಳಿ. ಆದರೆ ಕೇಳಿದ ಮೇಲೆ ಗುಳಿಗೆ ನುಂಗಿ. ಆ ಗುಳಿಗೆ ಮಾಡುವ ಬುದ್ಧಿಯನ್ನು ಮನುಷ್ಯನಿಗೆ ಕೊಟ್ಟವನು ಸೈತಾನನಲ್ಲ. ಯಾರಾದರೂ ಬಂದು, ಔಷಧಿ ಬಿಸಾಡಿದರೆ ಮಾತ್ರ ನಂಬಿಕೆ ಎಂದು ಹೇಳಿದರೆ, ಅವರು ಎಷ್ಟು ಚೆನ್ನಾಗಿ ಹಾಡಿದರೂ ಸರಿ, ಎಲೀಶಪ್ಪನ ಮನೆಯ ಗೋಡೆ ಹಿಡಿದು ನಡೆದ ಆ ಹೆಂಗಸನ್ನು ನೆನೆಸಿಕೊಳ್ಳಿ. ಇದಕ್ಕೇ ವಿವೇಚನೆ ಎನ್ನುವುದು. ಅದು ಪಂಡಿತರಿಗೆ ಮೀಸಲಾದ ವರವಲ್ಲ, ಗಂಡ ಹೆಂಡತಿಯರಿಗೂ ಬೇಕು.

ಈ ವಾರ ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ. ಹೋದಾಗ ಅವರ ನಂಬಿಕೆಯನ್ನು ಅಳೆಯಬೇಡಿ. ಒಂದು ಲೋಟ ಗಂಜಿ ಕಾಯಿಸಿಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ, ನಡುಗುವ ಕೈಯಲ್ಲಿ ಪುಸ್ತಕವಿದ್ದರೆ ಅದರ ಇನ್ನೊಂದು ಅಂಚು ಹಿಡಿಯಿರಿ. ಹಿಂದೆ ಯಾರನ್ನಾದರೂ ನೋಯಿಸಿದ್ದರೆ ಎಲೀಶಪ್ಪನ ಮಾತು ನಿಮ್ಮ ಬಾಯಿಗೂ ಬರುತ್ತದೆ, ಹೇಳಿಬಿಡಿ.

ಈಗ ಪ್ರಾರ್ಥನೆಗೆ ಏಳೋಣ. ಕೋಲು ಇರುವವರು ಕೋಲು ಹಿಡಿದೇ ಏಳಿ. ಏಳಲಾಗದವರು ಕೂತೇ ಇರಿ, ದೇವರು ನಿಮ್ಮ ಮಟ್ಟಕ್ಕೆ ಬಗ್ಗಿ ಕೇಳುತ್ತಾನೆ. ಮತ್ತೆ, ಬಾಗಿಲ ಬಳಿ ಕೊಡೆ ಇಟ್ಟು ಬಂದಿರುವವರೇ, ಹೊರಗೆ ಮಳೆ ಇಲ್ಲವೆಂದು ನನಗೂ ಗೊತ್ತಿದೆ.