ಪೆನ್ನು ನಿಂತ ಜಾಗ

ಬಂಧುಗಳೇ, ಇನ್ನು ಸ್ವಲ್ಪ ಹೊತ್ತು ಮೊಬೈಲುಗಳನ್ನು ಜೇಬಿನೊಳಗೆ ಇಡಿ. ಇಟ್ಟಿರಾ? ಮಠದ ಕಂಬಕ್ಕೆ ಒರಗಿ ಕೂತಿರುವ ಅಣ್ಣನವರೇ, ನಿಮಗೂ ಸೇರಿಸಿಯೇ ಹೇಳಿದ್ದು. ಒಳ್ಳೆಯದು. ಈಗ ಒಂದು ಕಥೆ ಕೇಳಿ.

ಯಾವುದೋ ಒಂದು ಊರು ಎಂದಿಟ್ಟುಕೊಳ್ಳಿ. ಆ ಊರಿಗೊಬ್ಬ ಶ್ರೀಮಂತ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಪಕ್ಕದವರ ಮುಖ ನೋಡುತ್ತೀರಿ. ಶೇಂಗಾ ಎಣ್ಣೆಯ ಗಿರಣಿ ಇತ್ತು ಅವನಿಗೆ. ಕೆಟ್ಟವನಲ್ಲ, ನೋಡಿ. ಯಾರಾದರೂ ಕೈಚಾಚಿದರೆ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಅವನಿಗೊಂದು ಅಭ್ಯಾಸ. ಏನೇ ಇದ್ದರೂ ಇನ್ನೊಬ್ಬರ ಕೈಯಿಂದ ಮಾಡಿಸುವುದು. ಹಬ್ಬದ ಶುಭಾಶಯ ಕಳಿಸಲು ಗುಮಾಸ್ತ, ಸತ್ತವರ ಮನೆಗೆ ಹೂವಿನ ಹಾರ ಒಯ್ಯಲು ಡ್ರೈವರ್. ಅವನ ಕೈ ಮಾಡುತ್ತಿದ್ದ ಕೆಲಸ ಒಂದೇ, ಸಹಿ ಹಾಕುವುದು.

ಅವನ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಎಂದರೆ ಎಂಥದ್ದು ಅಂತೀರಿ! ಪತ್ರಿಕೆಯಲ್ಲ, ಪೆಟ್ಟಿಗೆ. ಮುಚ್ಚಳ ತೆಗೆದರೆ ಸನಾದಿ ನುಡಿಯುತ್ತದೆ. ಒಳಗೆ ಗೋಡಂಬಿ, ದ್ರಾಕ್ಷಿ, ಬಂಗಾರದ ಬಣ್ಣದ ಅಕ್ಷರ. ಗುಮಾಸ್ತ ಕಂಪ್ಯೂಟರಿನಲ್ಲಿದ್ದ ವಿಳಾಸಗಳನ್ನೆಲ್ಲ ಒಂದೇ ಏಟಿಗೆ ಚೀಟಿಯಾಗಿ ತೆಗೆದ, ಪೆಟ್ಟಿಗೆಗಳ ಮೇಲೆ ಅಂಟಿಸಿದ, ಕೊರಿಯರಿನವನಿಗೆ ಒಪ್ಪಿಸಿದ. "ಎಲ್ಲಾ ಮುಗೀತ್ರಿ ಸಾಹುಕಾರ್ರ" ಎಂದ. ಶ್ರೀಮಂತನಿಗೆ ಸಂತೋಷವಾಯಿತು. ಮುಗಿಯಿತಲ್ಲ!

ಸ್ವಲ್ಪ ದಿನಕ್ಕೆ ಒಂದು ಪೆಟ್ಟಿಗೆ ವಾಪಸ್ಸು ಬಂತು. ಯಾರ ಮನೆಯಿಂದ? ಸ್ವಂತ ಅಕ್ಕನ ಮನೆಯಿಂದ. ಒಡೆದೇ ಇರಲಿಲ್ಲ. ತಂದೆ ತೀರಿಹೋದಾಗ ತಬ್ಬಲಿ ತಮ್ಮನನ್ನು ತನ್ನ ಗಂಡನ ಮನೆಗೆ ಕರೆದುಕೊಂಡು ಹೋಗಿ, ಉಣ್ಣಿಸಿ, ಓದಿಸಿ, ಮನುಷ್ಯನನ್ನಾಗಿ ಮಾಡಿದ ಅಕ್ಕ. ಶ್ರೀಮಂತನಿಗೆ ಸಿಟ್ಟು ಬಂತು. "ಇಷ್ಟ ದೊಡ್ಡ ಪೆಟ್ಟಿಗಿ ಕಳಿಸಿದ್ರ ತಿರುಗಿ ಕಳಸ್ತಾಳಂದ್ರ ಏನಿದು?" ಎಂದು ಕೂಗಾಡಿದ. ಮಗಳು ಆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ಮೇಲಿನ ಚೀಟಿ ನೋಡಿದಳು. ಅವಳ ಮುಖ ಇಳಿದುಹೋಯಿತು.

"ಅಪ್ಪಾ, ಇದನ್ನೊಮ್ಮೆ ಓದು" ಎಂದಳು.

ಓದಿದ. ಅಕ್ಕನ ಗಂಡನ ಹೆಸರಿತ್ತು. ಹೆಸರಿನ ಮುಂದೆ 'ದಂಪತಿಗಳಿಗೆ' ಎಂದಿತ್ತು. ಅದರ ಕೆಳಗೆ 'ತಾವಿಬ್ಬರೂ ಬಂದು ವಧೂವರರನ್ನು ಹರಸಬೇಕು' ಎಂದಿತ್ತು.

ಅಕ್ಕನ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಣ್ಣಿಗೂ ಹೋಗಿದ್ದ. ಹಿಡಿ ಮಣ್ಣು ಹಾಕಿ ಬಂದ ಕೈ ಅದು. ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಂಟಿಯಾಗಿ ಕೂತ ಹೆಂಗಸಿನ ಮನೆಬಾಗಿಲಿಗೆ 'ದಂಪತಿಗಳೇ, ಇಬ್ಬರೂ ಬನ್ನಿ' ಎಂದು ಕರೆ ಹೋಗಿತ್ತು. ಯೋಚನೆ ಮಾಡಿ ತಾಯಂದಿರೇ. ಆ ಬಾಗಿಲಲ್ಲಿ ನೀವು ನಿಂತಿದ್ದರೆ ಆ ಪೆಟ್ಟಿಗೆಯನ್ನು ಏನು ಮಾಡುತ್ತಿದ್ದಿರಿ?

ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅತ್ತಿ ಬರಲಾರದ ನಾ ಅರಿಷಿಣಕ್ಕ ಕುಂದ್ರಂಗಿಲ್ಲ." ಹಟಮಾರಿ ಹುಡುಗಿಯಲ್ಲ ಅವಳು. ಆದ್ದರಿಂದಲೇ ತಂದೆಗೆ ಭಯವಾಯಿತು.

ಈಗ ಶ್ರೀಮಂತ ಏನು ಮಾಡಿದ? ನೀವು ನಾವು ಮಾಡುವುದನ್ನೇ ಮಾಡಿದ. ಮೊಬೈಲ್ ತೆಗೆದು, ಕೈಮುಗಿದ ಚಿತ್ರವೊಂದನ್ನು ಕಳಿಸಿದ. ಕೆಳಗೆ 'ಸಾರಿ ಅಕ್ಕ' ಎಂದ. ಓದಿದ ಗುರುತಿನ ಗೀಟುಗಳು ನೀಲಿಯಾದವು, ಉತ್ತರ ಬರಲಿಲ್ಲ. ಫೋನ್ ಮಾಡಿದ, ಎತ್ತಲಿಲ್ಲ. ರೇಷ್ಮೆ ಸೀರೆ ಕೊಟ್ಟು ಕಾರು ಕಳಿಸಿದ. ಡ್ರೈವರ್ ಸಂಜೆಗೆ ಸೀರೆಯ ಸಮೇತ ತಿರುಗಿ ಬಂದ.

"ಅಕ್ಕಾರು ನೀರು ಕೊಟ್ರು, ಉಣ್ಣಾಕ ಹಾಕಿದ್ರು. ಸೀರಿ ಮಾತ್ರ ಮುಟ್ಟಲಿಲ್ರಿ" ಎಂದ. ಇನ್ನೂ ಏನೋ ಹೇಳಲು ಹಿಂಜರಿದ.

"ಏನಂದ್ಲು? ಹೇಳೋ."

"'ನನ್ನ ತಮ್ಮನ ಕಂಪ್ಯೂಟರ್‌ದಾಗ ಅವರು ಇನ್ನೂ ಜೀವಂತ ಅದಾರಲ್ಲಪಾ, ಅವರನ್ನ ಕರಕೊಂಡು ಹೋಗು' ಅಂದ್ರು."



ನೀವು ಕೇಳಬಹುದು, 'ಬುದ್ಧಿ, ಅವನೇ ಹೋಗಿ ಕಾಲಿಗೆ ಬೀಳಬಹುದಿತ್ತಲ್ಲ?' ಹೋದ, ಸ್ವಾಮಿ. ಹೋಗಿ ಅಕ್ಕನ ಮುಂದೆ ಕೂತ. ಬಾಯಿ ಬರಲಿಲ್ಲ. ದಿನವಿಡೀ ಗಿರಣಿಯಲ್ಲಿ ದರ ಮಾತಾಡುವ ಬಾಯಿ ಅದು; ಒಳಗಿನ ಮಾತನ್ನು ಹೊರಗೆ ತಂದು ಅದಕ್ಕೆ ರೂಢಿಯೇ ಇಲ್ಲ. "ಚಾ ಕುಡೀತೀಯೇನು?" ಎಂದಳು ಅಕ್ಕ. "ಹೂಂ" ಎಂದ. "ಗಿರಣಿ ಹೆಂಗೈತಿ?" "ಸುಮಾರೈತಿ." ಅಷ್ಟರಲ್ಲಿ ಜೇಬಿನೊಳಗಿನ ಫೋನು ಹೊಡೆದುಕೊಂಡಿತು, ಎದ್ದು ಹೊರಗೆ ಹೋಗಿ ಮಾತಾಡಿದ. ಒಳಗೆ ಬಂದಾಗ ಚಹಾ ಆರಿತ್ತು. ಕುಡಿದು ಎದ್ದು ಬಂದ. ಎದುರಿಗೆ ಕೂತರೂ ಹೇಳಲಾಗದ ಮಾತುಗಳು ನಮ್ಮೆಲ್ಲರ ಹತ್ತಿರ ಇವೆ. ಅದಕ್ಕೆ ಹಾದಿ ಬೇರೆಯೇ ಬೇಕು.

ಆ ಹಾದಿಯನ್ನು ತೋರಿಸಿದವಳು ಅವನ ಹೆಂಡತಿ. "ಬಾಯಿಲೆ ಬರದಿದ್ರ ಕೈಲೆ ಬರೀರಿ. ಅಕ್ಕಾರಿಗೊಂದು ಪತ್ರಾ ಬರೀರಿ" ಎಂದಳು. ಶ್ರೀಮಂತನಿಗೆ ಇದು ಹಿಡಿಸಿತು. ತಕ್ಷಣ ಏನು ಮಾಡಿದ ಗೊತ್ತೇ? ಗುಮಾಸ್ತನನ್ನು ಕರೆದ! "ನಮ್ಮ ಅಕ್ಕಗ ಒಂದು ಛಲೋ ಪತ್ರಾ ಟೈಪ್ ಮಾಡು, ಕ್ಷಮಾ ಕೇಳಿದಂಗ ಇರಲಿ" ಎಂದ.

ಮಗಳು ಒಳಗಿನಿಂದಲೇ ಕೂಗಿದಳು: "ಕ್ಷಮಾ ಕೇಳಾಕೂ ಆಳು ಬೇಕೇನಪಾ ನಿನಗ?"

ನಗುತ್ತೀರಿ. ನಗಿ. ಆಮೇಲೆ ನಿಮ್ಮ ಮನೆಯ ಕಡೆಗೂ ಬರುತ್ತೇನೆ.

ಭಾನುವಾರ ಬೆಳಿಗ್ಗೆ ಗಿರಣಿಗೆ ರಜೆ. ಶ್ರೀಮಂತ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಮೇಜಿನ ಮುಂದೆ ಕೂತ. ಹಾಳೆ ಮುಂದಿದೆ, ಪೆನ್ನು ಕೈಯಲ್ಲಿದೆ. ಕೈಗೆ ಅಕ್ಷರ ಮರೆತಿತ್ತು, ನೋಡಿ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿತು. ಮೊದಲ ಹಾಳೆ ಹರಿದ, ಎರಡನೆಯದರ ಮೇಲೆ ಶಾಯಿ ಚೆಲ್ಲಿತು. ಬೆರಳು ನೋಯತೊಡಗಿತು. ಆದರೂ ಬಿಡಲಿಲ್ಲ. ಮೆಲ್ಲಗೆ, ಶಾಲೆಯಲ್ಲಿ ಮಾಸ್ತರರು ಕಲಿಸಿದ್ದೆಲ್ಲ ಹಿಂದಿರುಗಿತು. ನೆತ್ತಿಯ ಮೇಲೆ ಶ್ರೀಕಾರ. ಮೂಲೆಯಲ್ಲಿ 'ಕ್ಷೇಮ'. 'ಮಾತೃಸಮಾನಳಾದ ಅಕ್ಕನಿಗೆ ನಿನ್ನ ತಮ್ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನೀನೂ...'

ಹಾಸ್ಟೆಲಿನಲ್ಲಿದ್ದಾಗ ಅಕ್ಕನಿಗೆ ಬರೆಯುತ್ತಿದ್ದ ಪತ್ರಗಳಲ್ಲೆಲ್ಲ ಅದೇ ಸಾಲು ಇರುತ್ತಿತ್ತು: 'ಅತ್ತ ನೀನೂ ಮಾಮಾನೂ ಕ್ಷೇಮವೆಂದು ನಂಬಿರುತ್ತೇನೆ.' ಅಕ್ಕನ ಗಂಡನನ್ನು ಆತ ಮಾಮಾ ಎಂದು ಕರೆಯುತ್ತಿದ್ದ. ಅದೇ ರೂಢಿಯಲ್ಲಿ ಕೈ ಮುಂದಕ್ಕೆ ಹೋಯಿತು. 'ಮಾ' ಎಂದು ಬರೆಯಿತು. ಅಲ್ಲಿ ಪೆನ್ನು ನಿಂತಿತು.

ಬಂಧುಗಳೇ, ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಈ ಒಂದು ಕ್ಷಣಕ್ಕಾಗಿ. ಯಂತ್ರ ಆ ಹೆಸರಿನ ಹತ್ತಿರ ನಿಂತಿತ್ತೇ? ನಿಲ್ಲಲಿಲ್ಲ. ಅದಕ್ಕೆ ಇದ್ದವರೂ ಒಂದೇ, ಹೋದವರೂ ಒಂದೇ. ಕೈ ನಿಂತಿತು. ಹಿಡಿ ಮಣ್ಣು ಹಾಕಿದ್ದು ಅದೇ ಕೈ ಅಲ್ಲವೇ, ಅದಕ್ಕೆ ಗೊತ್ತಿತ್ತು. ಸಾವಿನ ದಿನ ಜನರ ಮುಂದೆ ಬಾರದ ಅಳು ಅವನಿಗೆ ಆ ಭಾನುವಾರ ಬಂತು. ದೊಡ್ಡ ಗಿರಣಿಯ ಯಜಮಾನ, ಮೇಜಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ.

ಅತ್ತು ಮುಗಿದ ಮೇಲೆ ಮಾಸ್ತರರು ಕಲಿಸಿದ ಭಾಷೆಯನ್ನು ಪಕ್ಕಕ್ಕಿಟ್ಟು, ಅಕ್ಕನ ಅಡುಗೆಮನೆಯಲ್ಲಿ ಆಡುತ್ತಿದ್ದ ಭಾಷೆಯಲ್ಲೇ ಬರೆಯತೊಡಗಿದ:

'ಅಕ್ಕಾ, ಮಾಮಾನ ಹೆಸರಿನ ಹತ್ರ ಬಂದು ನನ್ನ ಪೆನ್ನು ನಿಂತೈತಿ. ಆ ಚೀಟಿ ನಾನ ಬರದಿದ್ರ ಅವತ್ತೂ ಹಿಂಗ ನಿಲ್ಲತಿತ್ತು. ನಾ ಬರೀಲಿಲ್ಲ. ತಪ್ಪು ಕಂಪ್ಯೂಟರ್‌ದಲ್ಲ, ನಂದು.

ಊಟಕ್ಕ ಕುಂತಾಗ ಮಾಮಾ ತನ್ನ ಮೊಸರಿನ ಮ್ಯಾಲಿನ ಕೆನಿ ತಗದು ನನ್ನ ರೊಟ್ಟಿ ಮ್ಯಾಲೆ ಹಾಕತಿದ್ದ. "ನನಗ ಕೆನಿ ಸೇರಂಗಿಲ್ಲಲೇ, ನೀ ತಿನ್ನು" ಅಂತಿದ್ದ. ಇಷ್ಟು ವರ್ಷ ನಾ ಅದನ್ನ ಖರೇ ಅಂತ ತಿಳಕೊಂಡಿದ್ನಿ. ಈಗ ಬರೀತಾ ಕುಂತಾಗ ನೆನಪಾತು, ನನ್ನ ಲಗ್ನದ ಊಟದಾಗ ಮಾಮಾ ಕೆನಿ ಮೊಸರು ಮತ್ತ ಮತ್ತ ಹಾಕಿಸಿಕೊಂಡು ಉಂಡಿದ್ದ. ಅಕ್ಕಾ, ಖರೇ ಹೇಳು, ಮಾಮಾಗ ಕೆನಿ ಸೇರತಿತ್ತೇನು?'

ನೋಡಿದಿರಾ? ಅನ್ನದ ಋಣ ಇಷ್ಟು ವರ್ಷ ತಟ್ಟೆಯಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಬರೆಯಲು ಕೂತಾಗ ಬಿತ್ತು. ಯಾಕೆ? ಬೆರಳು ನಿಧಾನ. ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಮನಸ್ಸಿಗೆ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ಅದು ಹಳೆಯ ಮನೆಗಳಿಗೆಲ್ಲ ಹೋಗಿ ಬರುತ್ತದೆ. ಪತ್ರದ ಮೊದಲ ಲಾಭ ಓದುವವರಿಗಲ್ಲ, ಬರೆಯುವವನಿಗೆ. ಅಕ್ಕ ಓದುವ ಮೊದಲೇ ಆ ತಮ್ಮ ತಮ್ಮನಾಗಿದ್ದ.

ಪತ್ರ ಮಡಿಸಿದ. ವಿಳಾಸವನ್ನೂ ತಾನೇ ಬರೆದ, ಅಕ್ಕನ ಹೆಸರಿಗೆ. ಡ್ರೈವರ್ ಕೈಚಾಚಿದರೂ ಕೊಡದೆ, ನಡೆದುಕೊಂಡೇ ಹೋಗಿ ಅಂಚೆ ಡಬ್ಬಿಗೆ ಹಾಕಿದ. ಹಾಕಿದ ಮೇಲೂ ಡಬ್ಬಿಯ ಬಾಯಿಯೊಳಗೆ ಕೈಯಾಡಿಸಿ ಒಳಗೆ ಬಿತ್ತೋ ಇಲ್ಲವೋ ಎಂದು ನೋಡಿದನಂತೆ!

ಆಮೇಲೆ ಕಾಯುವುದು. ನೀಲಿ ಗೀಟಿಲ್ಲ, ಮುಟ್ಟಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಎಲ್ಲರನ್ನೂ ಕಾಯಿಸಿ ರೂಢಿಯಿದ್ದ ಮನುಷ್ಯ ಈಗ ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟು ಕೂತ. 'ಈಗ ಮುಟ್ಟಿರಬೇಕು. ಈಗ ಕನ್ನಡಕ ಹುಡುಕುತ್ತಿರಬೇಕು. ಈಗ ಬಾಗಿಲ ಬೆಳಕಿಗೆ ಕೂತು ಓದುತ್ತಿರಬೇಕು.' ಇಷ್ಟು ವರ್ಷದಲ್ಲಿ ಅಕ್ಕನನ್ನು ಅವನು ಅಷ್ಟು ನೆನೆದದ್ದೇ ಇಲ್ಲ. ಅತ್ತ ಮದುವೆಯ ದಿನ ಹತ್ತಿರ ಬರುತ್ತಿತ್ತು.

ಚಪ್ಪರ ಹಾಕುವ ದಿನ ಉತ್ತರ ಬಂತು. ಅಕ್ಕನದೇ ಅಕ್ಷರ, ಸಾಲುಗಳು ಕೆಳಕ್ಕೆ ಜಾರಿದ್ದವು. ಶ್ರೀಮಂತ ಚಪ್ಪರದ ಕೆಳಗೇ ನಿಂತು ಓದಿದ:

'ತಮ್ಮಾ, ಸೇರತಿತ್ತು. ಭಾಳ ಸೇರತಿತ್ತು. ನಾ ಕಂಡು ಬೈದ್ರ, ಬೆಳಿಯೂ ಹುಡುಗ, ತಿನ್ನಲಿ ಬಿಡು, ಅವಗ ಹೇಳಬ್ಯಾಡ ಅಂದಿದ್ರು. ನಾನೂ ಹೇಳಿರಲಿಲ್ಲ. ನಿನ್ನ ಪತ್ರಾ ಅವರ ಫೋಟೋದ ಮುಂದ ಕುಂತು ಜೋರಾಗಿ ಓದಿದೆ. ಅವರು ಹೋದಮ್ಯಾಲೆ ಅವರ ಬಗ್ಗೆ ಯಾರೂ ನನ್ನ ಕೂಡ ಮಾತಾಡಿರಲಿಲ್ಲಪಾ. ನನಗ ದುಃಖ ಆಗತೈತಿ ಅಂತ ಎಲ್ಲಾರೂ ಅವರ ಹೆಸರ ತಗಿಯೂದು ಬಿಟ್ಟಾರ. ನೀ ತಗದಿ. ನಾ ಬರತೇನಿ.'

ಬಂದಳು. ಅರಿಷಿಣದ ದಿನವೇ ಬಂದವಳು ಕೈಕಾಲು ತೊಳೆದು, ಹೆಂಗಸರ ಹಿಂದೆ ಗೋಡೆಗೆ ಒತ್ತಿ ನಿಂತುಕೊಂಡಳು. ಯಾಕೆ ಹಿಂದೆ ನಿಂತಳೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಶ್ರೀಮಂತ ಅರಿಷಿಣದ ಬಟ್ಟಲನ್ನು ತಾನೇ ಎತ್ತಿಕೊಂಡು ಹೋಗಿ ಅಕ್ಕನ ಕೈಯಲ್ಲಿಟ್ಟ. ನೆಂಟರು ಗುಸುಗುಸು ಎಂದರು. "ನನಗ ಉಣಿಸಿದ ಕೈ ಇದು. ನನ್ನ ಮಗಳಿಗೆ ಮೊದಲ ಇದ ಕೈ ಹಚ್ಚಲಿ" ಎಂದ. ಹಿಂದೆ ಎದುರಿಗೆ ಕೂತಾಗ ಬಾರದ ಬಾಯಿ ಈಗ ನೆರೆದವರೆಲ್ಲರ ಮುಂದೆ ಬಂತು. ಪತ್ರ ಅದನ್ನು ಬಿಡಿಸಿತ್ತು. ಮಗಳು ಕೆನ್ನೆ ಒಡ್ಡಿ ಕೂತಳು.

ಕಥೆ ಮುಗಿಯಿತು. ಈಗ ನಿಮ್ಮ ಮನೆಯ ಕಡೆ ಬರುತ್ತೇನೆ ಎಂದಿದ್ದೆನಲ್ಲ?

ಬೆಳಿಗ್ಗೆ ಎದ್ದು ಎಷ್ಟು ಜನರಿಗೆ ಗುಲಾಬಿ ಹೂವಿನ ಚಿತ್ರ ಕಳಿಸಿದಿರಿ? ಒಂದೇ ಹೂವು, ಎಲ್ಲರಿಗೂ. ಅದರಲ್ಲಿ ಯಾರು ಜ್ವರದಲ್ಲಿ ಮಲಗಿದ್ದಾರೆ, ಯಾರು ಗಂಡನನ್ನು ಕಳೆದುಕೊಂಡಿದ್ದಾರೆ, ಕಳಿಸುವಾಗ ನಿಮ್ಮ ಬೆರಳು ಎಲ್ಲಾದರೂ ನಿಂತಿತೇ? ಫೋನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ನನ್ನ ಹತ್ತಿರವೂ ಒಂದಿದೆ. ರೈಲಿನ ವೇಳೆ ಕೇಳಲು, ಅಕ್ಕಿ ತರಿಸಲು ಅದು ಬೇಕು. ಆದರೆ ತಪ್ಪಾಯಿತು ಎನ್ನಲು, ಉಪಕಾರವಾಯಿತು ಎನ್ನಲು, ಹೋದವರ ಮನೆಯವರಿಗೆ ಎರಡು ಮಾತು ಹೇಳಲು ಕೈಯೇ ಬೇಕು. 'ಬುದ್ಧಿ, ನನ್ನ ಅಕ್ಷರ ಚೆಂದ ಇಲ್ಲ' ಎನ್ನಬೇಡಿ. ಅಕ್ಕನ ಸಾಲುಗಳು ಕೆಳಕ್ಕೆ ಜಾರಿದ್ದವು. ತಮ್ಮ ಅದನ್ನು ನೋಡಿ ನಕ್ಕನೇ?

ವಾರಕ್ಕೊಂದು ಬೇಡ, ತಿಂಗಳಿಗೊಂದು ಪತ್ರ ಬರೆಯಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ, ಕೊನೆಗೆ ಅವರಿಂದಲೂ ಒಂದು ಸಾಲು ಬರೆಸಿ. ಟೈಪ್ ಮಾಡಿಸಬೇಡಿ, ಚೆಂದದ ಮಾತು ಹುಡುಕಬೇಡಿ. ಕ್ಷೇಮ ಕೇಳಿ ಶುರುಮಾಡಿ. ಎಲ್ಲೋ ಒಂದು ಕಡೆ ಪೆನ್ನು ನಿಲ್ಲುತ್ತದೆ. ನಿಂತರೆ ಹೆದರಿ ಏಳಬೇಡಿ; ನೀವು ಬರೆಯಬೇಕಾದದ್ದು ಅಲ್ಲಿಯೇ ಇರುತ್ತದೆ.

ಹೊರಗೆ ಜಗಲಿಯ ಮೇಲೆ ಪ್ರಸಾದದ ಪಕ್ಕದಲ್ಲಿ ಅಂಚೆ ಕಾಗದಗಳನ್ನು ಇಡಿಸಿದ್ದೇನೆ. ಒಬ್ಬೊಬ್ಬರೂ ಒಂದೊಂದು ತೆಗೆದುಕೊಳ್ಳಿ. ಊಟಕ್ಕೆ ಕೂರುವ ಮೊದಲು ಮೇಲೆ ಒಂದು ಹೆಸರು ಮಾತ್ರ ಬರೆದಿಡಿ, ಉಳಿದದ್ದನ್ನು ನಾಳೆ ಬರೆಯುವಿರಂತೆ. ಯಾರ ಹೆಸರು ಎಂದು ನನ್ನನ್ನು ಕೇಳಬೇಡಿ. ಕಥೆ ಕೇಳುತ್ತಿದ್ದಾಗಲೇ ಆ ಹೆಸರು ನಿಮ್ಮ ಮನಸ್ಸಿಗೆ ಬಂದಾಗಿದೆ.