ಹದಿನಾರನೇ ಕೋಣೆಯ ಕರೆಗಂಟೆ ತಂತಿ ಕಿತ್ತ ಬಗ್ಗೆ

ಕರೆಯುವ ಹೆಸರು: ವೈರಕ್ಕ. ವಯಸ್ಸು: ನಲವತ್ತಮೂರು. ಕಸುಬು: ಕಂಪ್ಯೂಟರ್ ನೆಟ್‌ವರ್ಕ್ ಕೇಬಲ್ ಎಳೆದು ಜೋಡಿಸುವುದು. ವಾಸ: ಬಸ್ ನಿಲ್ದಾಣದ ಹಿಂದಿನ ರಸ್ತೆ, ಸೈಕಲ್ ಅಂಗಡಿಯ ಮೇಲಿನ ಮನೆ. ವೈರ್ ಎಳೆಯುವುದರಿಂದ ಈ ಹೆಸರು ಬಂತು. ಬೇರೆ ಅರ್ಥ ಆಗ ಇರಲಿಲ್ಲ.

ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಮೇಲೆ ದೂರು ಕೊಟ್ಟಿರುವವರು ನನ್ನ ತಂಗಿಯ ಗಂಡ. ಊರಿನ ಖಾಸಗಿ ಆಸ್ಪತ್ರೆಯಲ್ಲಿ ಮ್ಯಾನೇಜರ್ ಆಗಿದ್ದಾರೆ. ಕಳೆದ ವರ್ಷ ಆ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಕಂಪ್ಯೂಟರ್ ಮತ್ತು ರೋಗಿಗಳ ಕರೆಗಂಟೆಯ ಜಾಲ ಹಾಕುವ ಕೆಲಸವನ್ನು ಅವರೇ ನನಗೆ ಕೊಡಿಸಿದ್ದರು. ನಾನು ರಿಂಗ್ ಮಾದರಿಯ ನಕ್ಷೆ ಕೊಟ್ಟಿದ್ದೆ.

ರಿಂಗು ಗಿಂಗು ಅಂದ್ರೇನಮ್ಮ, ನಮಗೂ ಅರ್ಥ ಆಗೋ ಹಾಗೆ ಹೇಳಿ ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದರಿಂದ ಹೇಳುತ್ತೇನೆ. ಬಸ್ ಮಾದರಿ ಎಂದರೆ ಬಟ್ಟೆ ಒಣಹಾಕುವ ಹಗ್ಗ: ಒಂದೇ ಕೇಬಲ್‌ಗೆ ಎಲ್ಲವನ್ನೂ ನೇತುಹಾಕಿರುತ್ತೇವೆ, ಹಗ್ಗ ಹರಿದರೆ ಎಲ್ಲ ಬಟ್ಟೆಯೂ ಮಣ್ಣುಪಾಲು. ರಿಂಗ್ ಎಂದರೆ ಕೈ ಕೈ ಹಿಡಿದು ಸುತ್ತಾಗಿ ನಿಂತ ಹಾಗೆ. ನಾನು ಹಾಕುವ ರಿಂಗ್‌ನಲ್ಲಿ ಒಂದು ಕಡೆ ಕೈ ಬಿಟ್ಟರೂ ಸುದ್ದಿ ಇನ್ನೊಂದು ಕಡೆಯಿಂದ ಸುತ್ತಿ ಬಂದು ಮುಟ್ಟುತ್ತದೆ. ಸ್ಟಾರ್‌ನಲ್ಲಿ ಎಲ್ಲ ಕೇಬಲ್‌ಗಳೂ ನಡುವಿನ ಒಂದು ಪೆಟ್ಟಿಗೆಗೆ ಬಂದು ಸೇರುತ್ತವೆ, ಮನೆಮಂದಿಯೆಲ್ಲ ಅಜ್ಜಿಯ ಮೂಲಕವೇ ಮಾತಾಡಿಕೊಂಡ ಹಾಗೆ. ಒಬ್ಬ ಮುನಿಸಿಕೊಂಡು ದೂರವಾದರೆ ಉಳಿದವರಿಗೆ ಗೊತ್ತೂ ಆಗುವುದಿಲ್ಲ. ಅಜ್ಜಿಯೇ ಮಲಗಿಬಿಟ್ಟರೆ ಯಾರ ಸುದ್ದಿಯೂ ಯಾರಿಗೂ ಇಲ್ಲ. ಮೆಶ್‌ನಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರೊಂದಿಗೆ ನೇರವಾಗಿ ಮಾತಾಡುತ್ತಾರೆ. ಅಂಥ ಕುಟುಂಬವೂ ಅಪರೂಪ, ಅಂಥ ಜಾಲವೂ ಅಪರೂಪ.

ರಿಂಗ್ ಪೂರ್ತಿಯಾಗಲು ಕೊನೆಯ ಕೇಬಲ್ ಮುಂಭಾಗದ ಹಾಲ್‌ನ ಸೀಲಿಂಗ್ ಮೇಲಿಂದ ಹೋಗಬೇಕಿತ್ತು. ಆ ಸೀಲಿಂಗ್‌ಗೆ ಆಗಷ್ಟೇ ಬಣ್ಣ ಹೊಡೆದಿದ್ದರು. ತಂಗಿಯ ಗಂಡ ಅದನ್ನು ಕೊರೆಯಲು ಬಿಡಲಿಲ್ಲ. ನಾನಿಲ್ಲದಾಗ ಬೇರೆ ಕೆಲಸಗಾರರನ್ನು ಕರೆಸಿ ಎಲ್ಲ ಕೇಬಲ್‌ಗಳನ್ನೂ ಒಂದೇ ಪೆಟ್ಟಿಗೆಗೆ ಎಳೆಸಿದರು. ಪೆಟ್ಟಿಗೆ ಇಟ್ಟದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ, ಕುದಿಯುವ ನೀರಿನ ತೊಟ್ಟಿಯಿಂದ ನಾಲ್ಕು ಅಡಿ ದೂರದಲ್ಲಿ. ಸ್ಟಾರ್ ಹಾಕಿದ್ದು ತಪ್ಪಲ್ಲ, ಆದರೆ ಪೆಟ್ಟಿಗೆ ಒಣ ಜಾಗದಲ್ಲಿರಲಿ, ಜೊತೆಗೆ ಇನ್ನೊಂದಿರಲಿ ಎಂದು ಆಸ್ಪತ್ರೆಯ ದೊಡ್ಡ ನರ್ಸ್ ಎದುರಿಗೇ ಅವರಿಗೆ ಹೇಳಿದೆ. ಅತ್ತಿಗೆ, ನೀವು ವೈರ್ ನೋಡ್ಕೊಳಿ, ಆಸ್ಪತ್ರೆ ನಾನು ನೋಡ್ಕೋತೀನಿ ಎಂದು ಅವರು ಹೇಳಿದರು.

ಫೆಬ್ರವರಿಯಲ್ಲಿ ನಮ್ಮಮ್ಮನಿಗೆ ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಬಿಟ್ಟಿತ್ತು, ಮರುದಿನ ಮನೆಗೆ ಕಳಿಸುತ್ತೇವೆ ಎಂದಿದ್ದರು. ಆ ಮಧ್ಯಾಹ್ನ ಎರಡು ನಲವತ್ತಕ್ಕೆ ಹಬೆ ಒಳಹೊಕ್ಕು ಪೆಟ್ಟಿಗೆ ಸುಟ್ಟಿತು. ಇಡೀ ಕಟ್ಟಡದ ಕರೆಗಂಟೆಗಳು ಒಟ್ಟಿಗೆ ಸತ್ತವು. ಅಮ್ಮ ಬಚ್ಚಲಿಗೆ ಹೋಗಲು ಗಂಟೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಕೊನೆಗೆ ತಾನೇ ಎದ್ದು, ಬಿದ್ದು, ಸೊಂಟ ಮುರಿದುಕೊಂಡಳು. ನೆಲ ಒರೆಸುವಾಕೆ ನೋಡಿದಾಗ ಮೂರು ಇಪ್ಪತ್ತೈದು. ಅಲ್ಲಿಯವರೆಗೆ ಅಮ್ಮ ತನ್ನ ಒದ್ದೆಯಲ್ಲೇ ಮಲಗಿದ್ದಳು. ಈಗ ಅವಳು ನಡೆಯುವುದಿಲ್ಲ. ನನ್ನ ಮನೆಯಲ್ಲಿದ್ದಾಳೆ.

ಆಸ್ಪತ್ರೆಯವರು ನಡೆಸಿದ ವಿಚಾರಣೆಯಲ್ಲಿ ತಂಗಿಯ ಗಂಡ, ವೈರಿಂಗ್ ಪೂರ್ತಿ ನಮ್ಮ ಅತ್ತಿಗೆಯದೇ ಎಂದು ಹೇಳಿದರು. ತಂಗಿ ನನ್ನ ಮನೆಯ ಮೆಟ್ಟಿಲ ಮೇಲೆ ನಿಂತು, ಅಮ್ಮನ್ನ ಮೂಲೆಗೆ ಕೂರಿಸಿದೋಳು ನೀನೇ ಕಣೇ ಎಂದಳು. ಆಮೇಲೆ ಅವಳು ಬರಲಿಲ್ಲ. ಕೆಲಸಕ್ಕೂ ಯಾರೂ ಕರೆಯಲಿಲ್ಲ. ದೊಡ್ಡ ನರ್ಸ್ ಬಾಯಿ ಬಿಡಲಿಲ್ಲ; ಅವರಿಗೂ ಅನ್ನ ಹುಟ್ಟಬೇಕು.

ಈ ತಿಂಗಳ ಆರನೇ ತಾರೀಖು ತಂಗಿಯ ಗಂಡ ಸ್ಕೂಟರ್‌ನಿಂದ ಬಿದ್ದು ಕಾಲು ಮುರಿದುಕೊಂಡು ಅದೇ ಆಸ್ಪತ್ರೆಯ ಹದಿನಾರನೇ ಕೋಣೆ ಸೇರಿದರೆಂದು ತಿಳಿಯಿತು. ಒಂಬತ್ತನೇ ತಾರೀಖು ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದೆ. ಅವರು ಸಂತೋಷಪಟ್ಟರು. ಹಳೇದೆಲ್ಲ ಮರೆತುಬಿಡಿ ಅತ್ತಿಗೆ ಎಂದರು. ಮರೆತೆ ಎಂದೆ. ಎರಡು ಹಣ್ಣು ಸುಲಿದು ಕೊಟ್ಟೆ, ನೀರು ಕುಡಿಸಿದೆ. ಅವರ ಫೋನ್ ಚಾರ್ಜ್‌ಗೆ ಹಾಕುತ್ತೇನೆಂದು ಹಾಸಿಗೆಯಿಂದ ಕೈಗೆಟುಕದ ಎದುರು ಗೋಡೆಗೆ ಸಿಕ್ಕಿಸಿದೆ. ಹೊರಗೆ ಬಂದು ಬಾಗಿಲೆಳೆದುಕೊಂಡು, ಬಾಗಿಲ ಮೇಲೆ ಕೇಬಲ್ ಹಾಯುವ ಪಟ್ಟಿಯಲ್ಲಿದ್ದ ಆ ಕೋಣೆಯ ಕರೆಗಂಟೆಯ ಕೇಬಲ್ ಕಿತ್ತೆ. ನನ್ನ ರಿಂಗ್ ಇದ್ದಿದ್ದರೆ ಒಂದು ತಂತಿ ಕಿತ್ತರೆ ಕೆಲಸವಾಗುತ್ತಿರಲಿಲ್ಲ. ಸುಟ್ಟ ಪೆಟ್ಟಿಗೆ ಬದಲಿಸಿ ಉಳಿಸಿಕೊಂಡಿದ್ದ ಅವರ ಸ್ಟಾರ್‌ನಲ್ಲಿ ಆ ಕೋಣೆಯೊಂದೇ ಸತ್ತಿತು. ಪಕ್ಕದ ಯಾವ ರೋಗಿಗೂ ತೊಂದರೆಯಾಗಿಲ್ಲ. ಆಗ ಎರಡು ನಲವತ್ತು.

ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತೆ. ಪ್ರಾಣಕ್ಕೇನಾದರೂ ಆದರೆ ಒಳಗೆ ಹೋಗೋಣವೆಂದು ಹತ್ತಿರ ಕುಳಿತದ್ದು. ಅದು ದಯೆಯಲ್ಲ. ಅವರು ಬದುಕಿರಬೇಕಿತ್ತು. ಒಳಗಿನಿಂದ ಗುಂಡಿ ಒತ್ತುವ ಟಕಟಕ ಸದ್ದು ಬಂತು. ಮೊದಲು ಸಿಸ್ಟರ್ ಎಂದು ಗತ್ತಿನಿಂದ ಕರೆದರು. ಆಮೇಲೆ ಸಿಸ್ಟರಮ್ಮಾ ಎಂದರು. ಕೊನೆಗೆ, ಅತ್ತಿಗೆ, ಅಲ್ಲೇ ಇದೀರಾ, ಬೇಗ ಬನ್ನಿ, ತಡೆಯಕ್ಕಾಗ್ತಿಲ್ಲ ಎಂದರು. ನಾನು ಒಂದು ಕಿತ್ತಳೆ ಸುಲಿದು ತಿಂದೆ. ಸಿಹಿಯಾಗಿತ್ತು.

ಮೂರು ಇಪ್ಪತ್ತೈದಕ್ಕೆ ಕೇಬಲ್ ಸಿಕ್ಕಿಸಿದೆ. ಅವರು ಇನ್ನೂ ಒತ್ತುತ್ತಲೇ ಇದ್ದರು, ಗಂಟೆ ಹೊಡೆಯಿತು. ದೊಡ್ಡ ನರ್ಸ್ ಓಡಿ ಬಂದರು. ಕಾಫಿ ಫ್ಲಾಸ್ಕ್ ಹಿಡಿದು ತಂಗಿಯೂ ಅದೇ ಹೊತ್ತಿಗೆ ಬಂದಳು. ಹಾಸಿಗೆ ಒದ್ದೆಯಾಗಿತ್ತು. ನಾನು ಮಾಡಿದ್ದನ್ನು ಎಲ್ಲರೆದುರು ಹೇಳಿದೆ. ನಿಮ್ಮಕ್ಕನಿಗೆ ತಲೆ ಕೆಟ್ಟಿದೆ ಎಂದು ತಂಗಿಯ ಗಂಡ ಕೂಗಿದರು. ಆಗ ದೊಡ್ಡ ನರ್ಸ್ ಚಾದರ ಮಡಚುತ್ತ, ತಲೆ ಎತ್ತದೆ, ಆ ಪೆಟ್ಟಿಗೆ ಅಲ್ಲಿಡಬೇಡಿ ಅಂತ ವೈರಕ್ಕ ಹೇಳಿದ್ದು ನಾನೂ ಕೇಳಿದೀನಿ ಎಂದರು.

ತಂಗಿ ಗಂಡನ ಮುಖ ನೋಡಿ, ನಿಜವೇನ್ರೀ ಎಂದು ಕೇಳಿದಳು. ಹೊಸ ಸೀಲಿಂಗ್ ಹಾಳಾಗ್ತಿತ್ತು ಕಣೇ ಎಂದು ಅವರು ಹೇಳಿದರು. ತಂಗಿ ಮೇಜಿನ ಮೇಲಿಟ್ಟಿದ್ದ ಫ್ಲಾಸ್ಕನ್ನು ಮತ್ತೆ ಕೈಗೆತ್ತಿಕೊಂಡಳು. ನನ್ನ ಸ್ಕೂಟರ್‌ನ ಹಿಂದೆ ಕುಳಿತು, ನನ್ನ ಮನೆಗೆ ಅಮ್ಮನ ಹತ್ತಿರ ಬಂದು, ಆ ಕಾಫಿ ಅವಳಿಗೆ ಕುಡಿಸಿದಳು. ಈಗಲೂ ಅಲ್ಲೇ ಇದ್ದಾಳೆ.

ಮೇಲೆ ಬರೆದಿರುವುದನ್ನು ಓದಿಸಿ ಕೇಳಿದೆ. ಒಂದು ಕಡೆ ಹೇಳಿಕೆ ಬರೆದುಕೊಂಡ ಠಾಣೆಯ ಬರಹಗಾರರು ನನ್ನ ಮೇಲಿನ ಕನಿಕರದಿಂದ “ಸಿಟ್ಟಿನ ಭರದಲ್ಲಿ” ಎಂದು ಸೇರಿಸಿದ್ದರು. ಅದನ್ನು ನನ್ನೆದುರೇ ಹೊಡೆದುಹಾಕಿಸಿದ್ದೇನೆ. ಭರವೇನೂ ಇರಲಿಲ್ಲ. ಉಳಿದ ಪ್ರತಿ ಮಾತೂ ನಾನು ಹೇಳಿದ್ದೇ, ನಡೆದದ್ದೇ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹತ್ತನೇ ತಾರೀಖು, ಬೆಳಗ್ಗೆ
ಸಹಿ: ವೈರಕ್ಕ