ಹೊಳಿಯವ್ವನ ಬೀಜದ ಚೀಲ

ಇದ ನಿನ್ನ ಚೀಲ ಚಿಗವ್ವಾ, ಮತ್ತೇನ ಸುತ್ತ ಬಂದು ನೋಡಾಕತ್ತಿ? ಸಿಕ್ಕೈತಿ ಅಂತ ಹೇಳಿದ್ನಲ್ಲ... ಕುಂದ್ರ ಮೊದ್ಲ. ಆ ತೂಕದ ಕಟ್ಟಿ ಮ್ಯಾಲೆ ಕುಂದ್ರ, ಯಾರೂ ಏನೂ ಅನ್ನಂಗಿಲ್ಲ. ಮೇಡ್ಲೇರಿಯಿಂದ ರಾಣೇಬೆನ್ನೂರು, ಅಲ್ಲಿಂದ ಬ್ಯಾಡಗಿ, ಬಸ್ಸಿನ್ಯಾಗ ನಿಂತಗೊಂಡ ಬಂದೀಯಂತ, ನನ್ನ ಜೋಡಿ ಕೆಲಸಾ ಮಾಡೂ ಸಾನಿಯಾ, ಅಲ್ಲಿ ಕುಂತಾಳಲ್ಲ, ಆಕಿ ಹೇಳಿದ್ಲು. ಚಾ ತರಸ್ಲಿ? ಬ್ಯಾಡ? ಬರೇ ಗೋಣ ಅಲ್ಲಾಡಿಸಿದ್ರ ಹ್ಯಾಂಗ, ಬಾಯಿಲೆ ಏನರ ಅನ್ನು.

ಸಿಟ್ಟ ಬಂದೈತಿ ನಿನಗ. ಬರೂದ. ಮಿರಗದ ಮಳಿ ಕೂಡೇತಿ, ಊರಾಗ ಎಲ್ಲಾರ ಸಸಿ ಮಡಿ ತಯಾರ ಅದಾವು. ನೀ ಬೀಜದ ಮೆಣಸಿನಕಾಯಿ ಚೀಲ ಕೇಳಕೊಂತ ಮೊನ್ನೆ ಬಂದಿ, ನಿನ್ನೆ ಬಂದಿ. ನಾ 'ನಾಳೆ ಬಾ' ಅಂದೆ. ನನ್ನವ್ವನ ತಂಗೀನ್ನ ಗೇಟಿನ್ಯಾಗ ನಿಲ್ಲಿಸಿ ಹೊಳ್ಳಿ ಕಳಿಸಿದೆ. ನನಗೇನ ಚಂದ ಅನಸ್ತೈತೇನ ಅದು? ಆದ್ರ ಅದಕ್ಕ ತಪ್ಪು... ತಪ್ಪು ಅನ್ನಾಕ ಬರಂಗಿಲ್ಲ. ಮಷೀನಿನ ಬಾಬತ್ತು. ಹೇಳ್ತೇನಿ, ಕೇಳು.

ಈ ಕೋಲ್ಡ್ ಸ್ಟೋರೇಜಿನ್ಯಾಗ ಯಾರ ಚೀಲ ಯಾವ ಕೋಣ್ಯಾಗ ಐತಿ ಅಂತ ಮೊದ್ಲ ಬುಕ್ಕಿನ್ಯಾಗ ಬರೀತಿದ್ರು. ಥಂಡಿಗೆ ಪೆನ್ನ ನಡೀತಿರಲಿಲ್ಲ. ನಮ್ಮ ಸಾವ್ಕಾರ್ರಿಗೆ, ಪ್ರಭುಲಿಂಗಪ್ಪನವ್ರಿಗೆ, ನಾ ಹೇಳಿದೆ, ಫೋನಿನ್ಯಾಗ ಮಾಡಿಕೊಡ್ತೇನ್ರಿ ಅಂತ. ಅವ್ರು ಏನಂದ್ರು? 'ಸರ್ವರ್ ಗಿರ್ವರ್ ಅಂತ ತಿಂಗಳಾ ತಿಂಗಳಾ ಖರ್ಚಿಗೆ ಹಚ್ಚಬ್ಯಾಡ ಕೊಟ್ರೇಶ.' ಹಂಗಾರ ಸರ್ವರ್ ಇಲ್ದಂಗ ಮಾಡ್ತೇನಿ ಅಂದೆ. ಖರೇನ ಮಾಡಿದೆ. ಒಂದ ಫೈಲು. ಜೇಸನ್ ಫೈಲ್ ಅಂತಾರ ಅದಕ್ಕ. ಅದರಾಗ ಎಲ್ಲಾ ರೈತರ ಹೆಸರು, ಊರು, ಚೀಲ, ಕೋಣಿ. ಆ ಫೈಲ್ ಕ್ಲೌಡಿನ್ಯಾಗ, ಅಂದ್ರ ಮೋಡದಾಗ ಇರತೈತಿ... ಯಾಕ ಮ್ಯಾಲೆ ನೋಡಿದಿ? ಆಕಾಶದ ಮೋಡ ಅಲ್ಲಬೇ ಅದು. ಎಲ್ಲೋ ಯಾರದೋ ದೊಡ್ಡ ಗೋದಾಮು, ನಾವು ಅದರಾಗ ಒಂದ ಮೂಲಿ ಬಾಡಿಗಿ ಹಿಡದಂಗ.

ಎಲ್ಲಾರೂ ಹೊಗಳಿದ್ರು. ಹಾವೇರಿಯಿಂದ ಬ್ಯಾರೆ ಸ್ಟೋರೇಜಿನವ್ರು ನೋಡಾಕ ಬಂದ್ರು. ಸಾವ್ಕಾರ್ರು ನನ್ನ ಹೆಗಲ ಮ್ಯಾಲೆ ಕೈ ಹಾಕಿ 'ನಮ್ಮ ಹುಡುಗ ಮಾಡ್ಯಾನ' ಅಂದ್ರು. ಜೀವನದಾಗ ಒಂದ ಸಲ ಚಿಗವ್ವಾ. ಅದಕ್ಕ ಮುಂಚೆ ನನ್ನ ಯಾರ್ಯಾರ ಏನೇನ ಅಂತಿದ್ರು, ನಿನಗ ಗೊತ್ತ ಐತಿ.

ಈಗ ನಿನ್ನ ಚೀಲ ಯಾಕ ಲಗೂ ಸಿಗಲಿಲ್ಲ ಅಂದ್ರ... ಒಳಗ ಫೋನಿಗೆ ರೇಂಜ್ ಇರಂಗಿಲ್ಲ, ಅಷ್ಟ ದಪ್ಪ ಗ್ವಾಡಿ. ಅದಕ್ಕ ಮುಂಜಾನೆ ಹೊರಗ ನಿಂತು ಫೈಲ್ ಇಳಿಸಿಕೊಂಡು ಒಳಗ ಹೋಗ್ತೇವಿ, ಬರಕೊಂತೇವಿ, ಸಂಜೀಕ ಹೊರಗ ಬಂದು ವಾಪಸ್ ಏರಿಸ್ತೇವಿ. ನೀ ಚೀಲ ತಂದ ದಿನ ನಾನೂ ಸಾನಿಯಾನೂ ಇಬ್ರೂ ಇಳಿಸಿಕೊಂಡಿದ್ವಿ. ನಿನ್ನ ಹೆಸರ ಆಕಿ ಬರದ್ಲು. ಆಕಿ ಮೊದ್ಲ ಹೊರಗ ಬಂದು ಏರಿಸಿದ್ಲು. ಹಿಂದಿಂದ ನಾ ಬಂದು ನಂದ ಏರಿಸಿದೆ. ನಂದ ಏರಿದ ಕೂಡ್ಲೇ ಆಕೀ ಫೈಲ್ ಅಳಿಸಿ ಅದರ ಜಾಗಾದಾಗ ನಂದ ಕುಂತಿತು. ಹ್ಯಾಂಗ ಅಂದ್ರ... ಒಬ್ಬಾಕಿ ರಂಗೋಲಿ ಹಾಕಿ ಹೋದ ಅಂಗಳಾನ ಇನ್ನೊಬ್ಬಾಕಿ ಬಂದು ಸಾರಿಸಿ ತನ್ನ ರಂಗೋಲಿ ಹಾಕಿದಂಗ. ಅವತ್ತ ಸಾನಿಯಾ ಬರದ ಹೆಸರೆಲ್ಲಾ ಹೋದ್ವು. ಹಳೇ ಫೈಲ್ ಉಳಿಸಿ ಇಟಗೊಳ್ಳಾಕ ಒಂದ ಸೌಲತ್ತ ಇರತೈತಿ, ಅದನ್ನ ನಾ ಚಾಲೂ ಮಾಡಿರಲಿಲ್ಲ. ಇಬ್ರೂ ಒಂದ ದಿನ ಏರಿಸ್ತೇವಿ, ಹಿಂಗಾಗತೈತಿ ಅಂತ ಯಾಂವ ಕನಸ ಕಂಡಿದ್ದ.

ಯಾಕ ಆಕಿ ಕಡೆ ನೋಡ್ತಿ? ಆಕೀದೇನ ತಪ್ಪಿಲ್ಲ. ಆಕಿ ನಿನಗ ಏನರ ಹೇಳಿದ್ಲೇನು? ...ಬಿಡು.

ಸಿಕ್ತಲ್ಲ, ಸಾಕು. ಜಹಾಂಗೀರ, ನಮ್ಮ ಹಮಾಲ, ಕಂಬಳಿ ಹೊತಗೊಂಡು ಒಳಗ ಹೋಗಿ ಒಂದ ಮೂಲ್ಯಾಗಿಂದ ಎಳಕೊಂಡ ಬಂದ. ಬಾಯಿ ಹರದಿತ್ತು, ನಾನ ಕುಂತ ಹೊಲದೇನಿ. ಅದಕ್ಕ ಹೊಲಿಗಿ ಹೊಸಾದ ಕಾಣತೈತಿ... ಅಯ್ಯ, ಬಿಚ್ಚತಿ ಯಾಕ? ಮನೀಗೆ ಹೋಗಿ ಬಿಚ್ಚು. ಇಲ್ಲೆ ಘಾಟ ಎದ್ರ ಎಲ್ಲಾರೂ ಕೆಮ್ಮತಾರ.

ಮುರದ ನೋಡಾಕ ಏನೈತಿ ಅದರಾಗ? ಥಂಡ್ಯಾಗ ಇದ್ದ ಕಾಯಿ, ಬಣ್ಣ ಒಂದೀಟ ಬ್ಯಾರೆ ಕಾಣಸ್ತೈತಿ. ಸುಕ್ಕೂ ಕಮ್ಮಿ ಆಗತಾವು. ಬಿಸಲಿಗೆ ಹಾಕಿದ್ರ ಮತ್ತ... ತಳದಾಗಿಂದ ಯಾಕ ತಗೀತಿ? ಎಲ್ಲಾ ಒಂದ. ಚಿಗವ್ವಾ, ನನ್ನ ಮಾತಿನ ಮ್ಯಾಲೆ ನಂಬಿಗಿ ಇಲ್ಲೇನ ನಿನಗ?

ನಾ ನಿನ್ನ ಕೈಯಾಗ ಬೆಳದಾಂವ. ನಿಮ್ಮ ಹಿಂದ ಹೊಲದಾಗ ತಿರಗ್ಯಾಡಿ ನೋಡೇನಿ. ಚಲೋ ಗಿಡ ಕಂಡ್ರ ಟೊಂಗಿಗೆ ಅರಿವಿ ಚೂರ ಕಟ್ಟತಿದ್ರಿ, ಇದು ಬೀಜಕ್ಕ ಅಂತ. ಆ ಗಿಡದ ಕಾಯಿ ಯಾರೂ ಹರೀತಿರಲಿಲ್ಲ, ಆಳಮಂದೀನೂ ಮುಟ್ಟತಿರಲಿಲ್ಲ. ನೀನು, ಗುತ್ತೆವ್ವ, ಪ್ರೇಮವ್ವ, ಓಣಿ ಹೆಂಗಸರೆಲ್ಲಾ ತಂತಮ್ಮ ಹೊಲದ್ದ ತಂದು ಒಂದ ಚೀಲಕ್ಕ ಹಾಕತಿದ್ರಿ, ಮಿರಗದಾಗ ಕುಂತ ಹಂಚಕೊಂತಿದ್ರಿ. ಊರೆಲ್ಲಾ ಕಂಪನಿ ಪಾಕೀಟ ಬೀಜಕ್ಕ ಹೋದ್ರೂ ನೀವು ಬಿಡಲಿಲ್ಲ. ಈಗ ಆ ತಳಿ ಮತ್ತ ಯಾರ ಮನ್ಯಾಗೂ ಇಲ್ಲ, ನನಗ ಗೊತ್ತೈತಿ. ಹೋದ ವರ್ಷ ಚೀಲಕ್ಕ ಹುಳ ಹತ್ತಿತಂತ ನೀ ಅತ್ತಿದ್ದಿ. ಅದಕ್ಕ ನಾನ ಹೇಳಿದೆ, ನಮ್ಮ ಥಂಡ್ಯಾಗ ಇಡಬೇ, ಒಂದ ಬೀಜ ಕೆಡಂಗಿಲ್ಲ ಅಂತ. ಓಣಿಯವ್ರು ಬ್ಯಾಡ ಅಂದ್ರು. ನೀ ಅವ್ರನ್ನ ಬಿಟ್ಟು ನನ್ನ ಮಾತ ಕೇಳಿದಿ.

ಚಿಗವ್ವಾ, ಆ ಕಾಯಿ ಕೈಯಾಗ ಹಿಡಕೊಂಡ ಹಂಗ ನನ್ನ ನೋಡಬ್ಯಾಡ. ಬೈಯಿ. ನಾಕ ಮಂದಿ ಕೇಳುವಂಗ ಬೈಯಿ...

ಆತು. ಇದು ನಿಂದಲ್ಲ.

ನಿನ್ನೆ ನೀ ಹೋದ ಮ್ಯಾಲೆ ಇದನ್ನ ಪ್ಯಾಟ್ಯಾಗ ಕೊಂಡ ತಂದೆ. ಯಾವದೋ ಪಾಕೀಟ ಬೀಜದ ಬೆಳಿ, ಬಿತ್ತಿದ್ರ ಏನ ಬರತೈತೋ ದೇವ್ರಿಗೇ ಗೊತ್ತು. ನಿಂದು... ನಿಂದು ಖಾರಪುಡಿ ಆತು. ವಾರಸದಾರ ಇಲ್ಲದ ಚೀಲ ಪುಡಿ ಮಿಲ್ಲಿಗೆ ಹೋಗತಾವು, ಅದರಾಗ ಹೋತು. ಹೆಸರ ಅಳಿಸಿಹೋದ ಉಳದ ರೈತರು ಚೀಟಿ ತೋರಿಸಿ ತಮ್ಮ ಚೀಲ ಒಯ್ದ್ರು, ಸಾವ್ಕಾರ್ರ ಕಿವಿಗೆ ಬೀಳದಂಗ ನಾ ಸಂಭಾಳಿಸಿದೆ. ನಿನಗ ಮಾತ್ರ ಚೀಟಿ ಕೊಟ್ಟಿರಲಿಲ್ಲ. ಮನೀ ಮಂದಿಗೆ ಯಾಕ ಚೀಟಿ, ನಾ ಇಲ್ಲೇನು, ಅಂದಿದ್ದೆ.

'ಅಲ್ಲೋ, ನೀ ಎಲ್ಲಿದ್ದಿ ಆವಾಗ' ಅಂತ ಕೇಳಬೇಕಲ್ಲ ನೀ. ಯಾಕ ಕೇಳವಲ್ಲಿ?

ಅಲ್ಲೇ ಇದ್ದೆ. ಲಾರಿಗೆ ಏರಿಸೂ ಮುಂದ ಲಾರಿ ಬಾಜೂಕ ನಿಂತಿದ್ದೆ. ನಿನ್ನ ಚೀಲ ಗುರ್ತ ಹತ್ತಿತು ನನಗ. ನಿನ್ನ ಹಳೇ ಇಳಕಲ್ಲ ಸೀರಿ ಅಂಚ ಹರದು ಬಾಯಿ ಕಟ್ಟಿದ್ದಿ. ಆ ಸೀರಿ ಸೆರಗ ಹಿಡಕೊಂಡ ಅಡ್ಡಾಡಿದ ನನಗ ಗುರ್ತ ಸಿಗಂಗಿಲ್ಲೇನು? 'ಇದು ಯಾರದ ಕೊಟ್ರೇಶ?' ಅಂದ್ರು ಸಾವ್ಕಾರ್ರು. ಹಾವೇರಿಯವ್ರೂ ಅಲ್ಲೇ ನಿಂತಿದ್ರು ಅವತ್ತ. ನಾ ಫೋನ್ ನೋಡಿದೆ, ಹೆಸರಿರಲಿಲ್ಲ. ಇದು ನಮ್ಮ ಚಿಗವ್ವಂದ್ರಿ ಅಂದ್ರ, ಹಂಗಾರ ಫೋನಿನ್ಯಾಗ ಯಾಕಿಲ್ಲ ಅಂತಿದ್ರು. ನಾ ಮಾಡಿದ್ದೆಲ್ಲಾ ಎಲ್ಲಾರ ಮುಂದ ಮಣ್ಣ ಆಗತಿತ್ತು. 'ಯಾರದೂ ಅಲ್ರಿ' ಅಂದೆ. ಜಹಾಂಗೀರ ಎತ್ತಿ ಲಾರಿಗೆ ಒಗದ.

ತಡಿ... ಸಾವ್ಕಾರ್ರು ಬಂದ್ರು. ಬರ್ರಿ ಸಾವ್ಕಾರ್ರ. ಹೂಂರಿ, ಈಕೀನ ನಮ್ಮ ಚಿಗವ್ವ, ಮೇಡ್ಲೇರಿ ಹೊಳಿಯವ್ವ. ಚೀಲ ಸಿಕ್ತೇನ ಅಂತ ಕೇಳಾಕತ್ತಾರ ಚಿಗವ್ವಾ. ಹೇಳು. ಇದ್ದದ್ದ ಇದ್ದಂಗ ಹೇಳು.

ಯಾಕ ಹೂಂ ಅಂತ ಗೋಣ ಹಾಕಿದಿ?

ಹೋದ್ರು ಅವ್ರು. ನಗಕೊಂತ ಹೋದ್ರು. 'ಚೀಲ ಮುಟ್ಟಿತು ಅಂತ ಏರಿಸಿಬಿಡು' ಅಂದ್ರು ನನಗ. ನಿನ್ನ ಖರೇ ಹೆಸರ ಒಂದ ದಿನ ನಿಲ್ಲಲಿಲ್ಲ ಆ ಫೈಲಿನ್ಯಾಗ, ಈ ಸುಳ್ಳ ನಿಲ್ಲತೈತಿ ನೋಡು. ಇನ್ನೂ ದೂರ ಹೋಗಿಲ್ಲ ಅವ್ರು, ಕರೀತೇನಿ... ಕೈ ಬಿಡು ಚಿಗವ್ವಾ. ಯಾಕ ತಡೀತಿ? ಭಾಳ ಅಂದ್ರ ಕೆಲಸದಿಂದ ತಗೀತಾರ ನನ್ನ, ಅಷ್ಟ. ಓಣಿಯವ್ರಿಗೆ ಏನ ಹೇಳ್ತಿ ನೀ? ಗುತ್ತೆವ್ವ ಬುಟ್ಟಿ ಇಟಗೊಂಡ ಬಾಗಲದಾಗ ಕುಂತಿರತಾಳ. ಇದನ್ನ ಹಂಚತೀಯಾ ಅವ್ರಿಗೆ? ಹಂಚಬ್ಯಾಡ. ಹೊಳಿಗೆ ಚೆಲ್ಲು. ಇಲ್ಲಾ, ನನ್ನ ಹೆಸರ ಹೇಳು, ಕೊಟ್ರೇಶ ಹಾಳ ಮಾಡಿದ ಅಂತ ಹೇಳು... ಹೇಳಂಗಿಲ್ಲ ನೀ. ಮಾರಿ ನೋಡಿದ್ರ ಗೊತ್ತಾಗತೈತಿ, ಹೇಳಂಗಿಲ್ಲ.

ಎದ್ದಿ? ಎಲ್ಲಿಗೆ? ಸಿಂಬಿ ಯಾಕ ಸುತ್ತಾಕತ್ತಿ?

ಈ ಚೀಲಾನ ನಿನ್ನ ತಲಿ ಮ್ಯಾಲೆ ನಾನ ಹೊರಸಬೇಕಾ? ಜಹಾಂಗೀರನ್ನ ಕರೀತೇನಿ ತಡಿ... ಬ್ಯಾಡ? ನಾನ?

ಸರಿ. ಬಗ್ಗು ಒಂದೀಟ. ಹಿಡಕೊಂಡಿಯಾ? ...ಬಿಡ್ತೇನಿ ಈಗ.